ಹುಳಿ ನೀರು

ಸೊಸೆ ಕೋಳಿ ಶೆಡ್ಡಿನಲ್ಲಿ ಮರದ ಹೊಟ್ಟಿನ ಮೇಲೆ ಮೊಣಕಾಲೂರಿ, ಕತ್ತನ್ನು ಕೋಳಿಯ ಹಾಗೆಯೇ ಓರೆ ಮಾಡಿ, ಕೋಳಿಗಳು ಕೊಕ್ಕು ತಾಗಿಸಿ ನೀರು ಕುಡಿಯುವ ಪೈಪಿನ ಕಟ್ಟಕಡೆಯ ನಿಪ್ಪಲ್ಲಿಗೆ ನಾಲಿಗೆ ಒಡ್ಡಿದಳು. ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಬಾಯೊಳಗೆ ಅತ್ತಿತ್ತ ಹೊರಳಿಸಿದಳು. ಹುಳಿ ಇರಲಿಲ್ಲ. ಹುಳಿ ಇರಬೇಕಾದ ಜಾಗದಲ್ಲಿ ಆಸ್ಪತ್ರೆಯ ನೆಲ ಒರೆಸಿದ ವಾಸನೆಯೊಂದು ಬಂದು ಕೂತಿತ್ತು.

ಉಗಿದಳು. ಅದರ ಹಿಂದಿನ ನಿಪ್ಪಲ್ಲಿಗೆ ಸರಿದು ಮತ್ತೆ ನಾಲಿಗೆ ಇಟ್ಟಳು. ಅಲ್ಲೂ ಅದೇ. ಸುತ್ತ ನಿಂತ ಕೋಳಿಗಳು ರೆಕ್ಕೆಗಳನ್ನು ಮೈಗೆ ತಾಗದಂತೆ ಅಗಲಿಸಿ, ಕೊಕ್ಕು ತೆರೆದು, ನೀರು ಕದಿಯಲು ಬಂದವಳನ್ನು ನೋಡುವಂತೆ ಅವಳನ್ನೇ ನೋಡುತ್ತಿದ್ದವು. ಹೊತ್ತು ಇನ್ನೂ ನೆತ್ತಿಗೇರಿರಲಿಲ್ಲ. ಆಗಲೇ ಮೇಲಿನ ಶೀಟು ಕಾದು ಟಿಕ್ ಟಿಕ್ ಅನ್ನತೊಡಗಿತ್ತು.

ಅಂಗಳದಾಚೆ, ಮನೆಯೊಳಗಿಂದ ಯಾರೋ ಕೂಗಿದರು. "ಸೊಸೆ ಎಲ್ರೀ? ಅತ್ತೆ ತಲೆ ಹತ್ರ ಸೊಸೇನೇ ಇಲ್ಲ!"

"ಇನ್ನೆಲ್ಲಿರ್ತಾಳೆ," ಎದುರುಮನೆಯಾಕೆಯ ದನಿ, ಪಿಸುಮಾತು ಅಂದುಕೊಂಡು ಬೀದಿಗೆಲ್ಲ ಕೇಳುವಂತೆ. "ಅತ್ತೆಗೆ ತಕ್ಕ ಸೊಸೆ. ಕೋಳಿ ಹತ್ರ ಇರ್ತಾಳೆ."

ಸೊಸೆ ಹೊರಗೆ ಬಂದಳು. ನೀರಿನ ಟ್ಯಾಂಕಿನ ಏಣಿಯಿಂದ ನಲ್ಲಿ ಮಾವ ಇಳಿಯುತ್ತಿದ್ದ. ಒಳಗೆ ಸತ್ತು ಮಲಗಿದ್ದ ಅತ್ತೆಗೆ ಇವನೊಬ್ಬನೇ ತಮ್ಮ. ಕೆಲಸದಲ್ಲಿದ್ದಷ್ಟು ಕಾಲ ಪಟ್ಟಣದ ನೀರು ಸರಬರಾಜಿನಲ್ಲಿ ವಾಲ್ವು ತಿರುಗಿಸಿದವನು. ನಿವೃತ್ತನಾದ ಮೇಲೂ ಯಾರ ಮನೆಗೆ ಹೋದರೂ ಮೊದಲು ನಲ್ಲಿ ಬಿಟ್ಟು ನೋಡಿ, ಆಮೇಲೆ ಕ್ಷೇಮ ಕೇಳುವವನು. ಅವನ ಬೆರಳುಗಳು ಬೆಳ್ಳಗಿದ್ದವು.

"ಮಾವ, ಟ್ಯಾಂಕಿಗೆ ಏನು ಹಾಕಿದ್ರಿ?"

"ಬ್ಲೀಚಿಂಗ್ ಪೌಡರು," ಅಂದ ಮಾವ, ಶಹಬ್ಬಾಸ್‌ಗಿರಿಗೆ ಕಾಯುವ ದನಿಯಲ್ಲಿ. "ಬಂದ ತಕ್ಷಣ ಮೊದಲು ಅದನ್ನೇ ಮಾಡಿದೆ. ಈಗ ಮತ್ತೊಂದು ಚೂರು ಹಾಕ್ದೆ. ಸಾವಿನ ಮನೆ, ಊರಿಗೆ ಊರೇ ಬಂದು ಇದೇ ನೀರು ಕುಡಿಯತ್ತೆ. ನಾಳೆ ಯಾರಿಗಾದ್ರೂ ಹೊಟ್ಟೆ ಕೆಟ್ರೆ ಮಾತು ಸತ್ತವಳ ಮೇಲೆ ಬರತ್ತೆ. ನಮ್ಮಕ್ಕನ ಮೇಲೆ ಮಾತು ಬರಬಾರ್ದು ನೋಡು."

"ಅದರೊಳಗೆ ನಾನು ವಿಟಮಿನ್ ಹಾಕಿದ್ದೆ ಮಾವ. ಬೆಳಕು ಹರಿಯೋಕೆ ಮುಂಚೆ. ಶೆಡ್ಡಿನ ಹೆಂಗಸರಿಗೆ."

"ಇರಲಿ ಬಿಡು. ಎರಡೂ ಒಳ್ಳೇದೇ ತಾನೆ?"

"ಬ್ಲೀಚಿಂಗು ಅದನ್ನ ತಿಂದ್ಹಾಕತ್ತೆ."

"ಪೌಡರು ಪೌಡರನ್ನ ತಿನ್ನತ್ತಾ?"

"ವಾರಗಿತ್ತಿಯರ ಥರ ಮಾವ. ಬೇರೆ ಬೇರೆ ಇದ್ರೆ ಇಬ್ರೂ ಚಿನ್ನ. ಒಂದೇ ಮನೇಲಿಟ್ರೆ ಒಬ್ಳು ಉಳಿಯಲ್ಲ."

ಮಾವ ತನ್ನ ಬೆರಳುಗಳನ್ನು ನೋಡಿಕೊಂಡು ಪಂಚೆಗೆ ಒರೆಸಿದ. ಒರೆಸಿದಷ್ಟೂ ಪಂಚೆ ಬೆಳ್ಳಗಾಯಿತೇ ಹೊರತು ಬೆರಳು ಕಪ್ಪಗಾಗಲಿಲ್ಲ.

ಅಷ್ಟರಲ್ಲಿ ಅವಳ ಗಂಡ ಬಂದ. ಗಂಡ ಟೈಲರು. ತಾಯಿ ಸತ್ತ ದಿನವೂ ಕೊರಳಿನ ಅಳತೆಪಟ್ಟಿ ತೆಗೆದಿಡಲು ಅವನಿಗೆ ಮರೆತಿತ್ತು; ಅದನ್ನು ಹೇಳಲು ಯಾರಿಗೂ ಧೈರ್ಯವಿರಲಿಲ್ಲ.

"ಒಳಗೆ ಬಾರೇ. ಜನ ಕೇಳ್ತಿದಾರೆ. ತಂಗಿ ಬಸ್ಸಿಳಿದಳಂತೆ. ಅವಳು ಮುಖ ನೋಡಿದ ಮೇಲೆ ಎತ್ತೋದು."

"ಟ್ಯಾಂಕ್ ಖಾಲಿ ಮಾಡ್ಬೇಕು ರೀ. ಹೊಸ ನೀರು ತುಂಬಿ ಮತ್ತೆ ಕಲಸ್ಬೇಕು."

"ಯಾಕೆ? ಸಂಜೆ ತಕ್ಕಡಿ ಬರ್ತಾನಲ್ಲ."

ತಕ್ಕಡಿ ಅಂದರೆ ಕೋಳಿ ವ್ಯಾಪಾರಿ. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ. ಬೆಳಿಗ್ಗೆ ಕಣ್ಣೊರೆಸಿಕೊಂಡ ಕೈಯಲ್ಲೇ ಗಂಡ ಅವನಿಗೆ ಫೋನು ಮಾಡಿದ್ದ: ಮಣ್ಣು ಮುಗಿದ ಮೇಲೆ ಲಾರಿ ತಗೊಂಡು ಬಾ, ಶೆಡ್ಡಿಗೆ ಶೆಡ್ಡೇ ಎತ್ತಿಕೊಂಡು ಹೋಗು. ಮೊಟ್ಟೆಯಿಡುವ ತುಂಬು ಪ್ರಾಯದ ಕೋಳಿಗಳು, ಮಾಂಸದ ತೂಕಕ್ಕೆ.

"ಅಮ್ಮ ಇದ್ಲು, ಕೋಳಿ ಇತ್ತು," ಅಂದ ಗಂಡ. ಜಗಳದ ದನಿಯಲ್ಲ, ಸೋತ ದನಿ. "ಇವತ್ತಿನ ಬಿಸಿಲಿಗೆ ಹೇಗೂ ಬೀಳ್ತಾವೆ. ನಾವು ಕೋಳಿ ನೋಡೋಣ್ವಾ, ಹೆಣ ನೋಡೋಣ್ವಾ? ನೀನೂ ಸ್ವಲ್ಪ ಸುಖವಾಗಿರು. ಅಂಗಡೀಲಿ ಗುಂಡಿ ಹಾಕೋಕೆ ಯಾರೂ ಇಲ್ಲ. ನೆರಳಲ್ಲಿ ಕೂತಿರು."

ಅಂಗಡಿಯ ಹಿಂದಿನ ಕೋಣೆ ಅವಳ ಕಣ್ಣ ಮುಂದೆ ಬಂತು. ಕಿಟಕಿಯಿಲ್ಲ. ಒಂದು ಬಲ್ಬು, ಗೋಡೆಗೆ ಮುಖ ಮಾಡಿದ ಒಂದು ಸ್ಟೂಲು. ಮದುವೆಯಾದ ಹೊಸದರಲ್ಲಿ ಅಲ್ಲಿ ಕೂತು ಹಾಕಿದ ಗುಂಡಿಗಳು ಈಗಲೂ ಯಾರ್ಯಾರ ಎದೆಯ ಮೇಲೋ ಇದ್ದಾವು. ಆ ಸ್ಟೂಲಿನಿಂದ ಅವಳನ್ನು ಎಬ್ಬಿಸಿ ಶೆಡ್ಡಿಗೆ ಕರೆದುಕೊಂಡು ಬಂದವಳು ಈಗ ಒಳಗೆ, ನಡುಮನೆಯಲ್ಲಿ, ಐಸಿನ ಗಡ್ಡೆಗಳ ನಡುವೆ ಮಲಗಿದ್ದಳು.

ಶೆಡ್ಡಿನ ಬಾಗಿಲಲ್ಲಿ ಒಂದು ಬೆತ್ತದ ಬುಟ್ಟಿ. ಸತ್ತ ಕೋಳಿಗಳನ್ನು ಅದರಲ್ಲಿ ಹಾಕಿ ಸಂಜೆ ಹೂಳಲು ಒಯ್ಯುವುದು. ಅವಳು ಅದರತ್ತ ಕೈ ತೋರಿಸಿದಳು.

"ಒಂದು ಮಾತು ರೀ. ಸಂಜೆಗೆ ಈ ಬುಟ್ಟಿ ತುಂಬಿದ್ರೆ ತಕ್ಕಡಿಗೆ ಕೊಟ್ಬಿಡಿ. ನಾನು ತುಟಿ ಬಿಚ್ಚಲ್ಲ, ನಾಳೆಯಿಂದ ಗುಂಡಿ ಹಾಕ್ತೀನಿ. ತುಂಬದೆ ಇದ್ರೆ ಕೋಳಿ ನನ್ನವು. ಆಮೇಲೆ ನೀವು ಆ ಮಾತೇ ಎತ್ತಬಾರ್ದು."

ಗಂಡ ಆಕಾಶ ನೋಡಿದ. ಒಂದು ಮೋಡವಿಲ್ಲ, ಒಂದು ಹಕ್ಕಿಯಿಲ್ಲ. ಒಲೆಯ ಮೇಲೆ ಮರೆತ ಬಾಣಲೆಯಂಥ ಆಕಾಶ.

"ತುಂಬತ್ತೆ ಕಣೇ," ಅಂದ, ಕನಿಕರದಿಂದ.

"ತುಂಬಿದ್ರೆ ತುಂಬಲಿ. ಸರಿಯಾ?"

"ಸರಿ."

"ಮಾವ ಸಾಕ್ಷಿ."

"ನಾನ್ಯಾಕಮ್ಮ ಸಾಕ್ಷಿ," ಅಂದ ನಲ್ಲಿ ಮಾವ, ಕೈ ಹಿಂದೆ ಕಟ್ಟಿಕೊಂಡು. "ನಾನು ಆರೋಪಿ."

*

ಮೊದಲ ಬೇಸಿಗೆಯಲ್ಲಿ ಅತ್ತೆ ಕೋಳಿಗಳನ್ನು ಕೊಂದದ್ದು ಪ್ರೀತಿಯಿಂದ.

ಗಂಡ ತೀರಿದ ಮೇಲೆ ಅವಳು ಮೊಟ್ಟೆ ಮಂಡಿಯೊಂದರಲ್ಲಿ ಕೆಲಸಕ್ಕಿದ್ದಳು. ಕತ್ತಲ ಕೋಣೆಯಲ್ಲಿ ಒಂದೊಂದೇ ಮೊಟ್ಟೆಯನ್ನು ಬಲ್ಬಿಗೆ ಹಿಡಿದು, ಒಳ್ಳೆಯದು ಈ ಕಡೆ, ಕೆಟ್ಟದ್ದು ಆ ಕಡೆ. ಪರರ ಮೊಟ್ಟೆಯ ಹೊಟ್ಟೆಯೊಳಗೆ ಇಣುಕಿ ಇಣುಕಿ ಸಾಕಾಗಿ, ಕೊನೆಗೊಂದು ದಿನ ಸ್ವಂತಕ್ಕೆ ಶೆಡ್ಡು ಹಾಕಿದಳು. ಕೋಳಿಗಳನ್ನು ಅವಳು ಕೋಳಿ ಅನ್ನುತ್ತಿರಲಿಲ್ಲ. "ನಮ್ಮ ಹೆಂಗಸರು" ಅನ್ನುತ್ತಿದ್ದಳು. ಹೆಂಗಸರಿಗೆ ತಿಂಡಿ ಆಯ್ತಾ? ಹೆಂಗಸರು ಇವತ್ತು ಯಾಕೋ ಮುನಿಸಿಕೊಂಡಿದ್ದಾರೆ. ಹೊಸಬರು ಕೇಳಿದರೆ ಮನೆಯಲ್ಲೇನೋ ದೊಡ್ಡ ಸಂಸಾರವೇ ಇದೆ ಅಂದುಕೊಳ್ಳಬೇಕು.

ಬಿಸಿಲು ಏರಿತು. ಹೆಂಗಸರು ಬಾಯಿ ಬಿಡತೊಡಗಿದರು. ಅತ್ತೆ ಮಗನನ್ನು ಕೂರಿಸಿ ಗೋಣಿಚೀಲಗಳನ್ನು ಒಂದಕ್ಕೊಂದು ಹೊಲಿಸಿದಳು. ಶೆಡ್ಡಿನ ನಾಲ್ಕೂ ಕಡೆಯ ಜಾಲರಿಗೆ ಒಂದಿಂಚೂ ಬಿಡದೆ ಕಟ್ಟಿಸಿ, ನೀರು ಹೊಡೆದು ತೋಯಿಸಿದಳು. ಒಳಗೆ ತಂಪೋ ತಂಪು ಅಂದುಕೊಂಡು ಊಟ ಮಾಡಿ ಬಂದು ಪರದೆ ಸರಿಸಿದರೆ, ಒಳಗಿಂದ ಅನ್ನದ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಬಂತು. ಗಾಳಿ ಆಡಲು ಸಂದಿಯಿರಲಿಲ್ಲ. ಅರ್ಧಕ್ಕರ್ಧ ಹೆಂಗಸರು ಹೊಟ್ಟಿನ ಮೇಲೆ ಮಲಗಿದ್ದರು, ಕತ್ತು ಚಾಚಿ.

ಅತ್ತೆ ಅಳಲಿಲ್ಲ. ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, "ಉಪಕಾರ ಮಾಡೋಕೆ ಹೋಗಿ ಉಸಿರು ಕಟ್ಟಿಸ್ಬಿಟ್ಟೆ ಕಣೋ," ಅಂದಳು ಮಗನಿಗೆ. ಆಮೇಲೆ ಎದ್ದು, "ಚೀಲ ಬಿಚ್ಚು. ಇನ್ನೊಂದ್ಸಲ ಮಾಡೋಣ," ಅಂದಳು. ಅವತ್ತೇ ಹೊಸ ಸೊಸೆಯನ್ನು ಅಂಗಡಿಯಿಂದ ಎಬ್ಬಿಸಿ ಕರೆತಂದು ಸತ್ತ ಕೋಳಿ ಹೊರಿಸಿದಳು. ಅವತ್ತು ಬಂದವಳು ಮತ್ತೆ ಅಂಗಡಿಗೆ ಗುಂಡಿ ಹಾಕಲು ಹೋಗಲಿಲ್ಲ.

ಪಶುವೈದ್ಯೆ ಬಂದು ನೋಡಿದರು. ಗಾಳಿ ಬಿಡಿ, ಮಾಡಿಗೆ ನೀರು ಹೊಡೆಯಿರಿ, ಸುಡುವ ಹೊತ್ತಲ್ಲಿ ಮೇವಿನ ತಟ್ಟೆ ಎತ್ತಿಬಿಡಿ, ತಿಂದದ್ದು ಅರಗುವಾಗಲೂ ಮೈ ಬಿಸಿಯಾಗತ್ತೆ ಅಂದರು. ಆಮೇಲೆ ಚೀಲದಿಂದ ಒಂದು ಡಬ್ಬಿ ತೆಗೆದರು.

"ಇದು ವಿಟಮಿನ್ ಸಿ. ಕೋಳಿ ಮೈಯೇ ಇದನ್ನ ತಯಾರು ಮಾಡ್ಕೊಳ್ಳತ್ತೆ. ಮನುಷ್ಯರಿಗೆ ಆ ಯೋಗ ಇಲ್ಲ."

"ಮತ್ತೆ ನಾವ್ಯಾಕೆ ಕೊಡೋದು? ಉಳ್ಳವರ ಮನೆಗೆ ಬುತ್ತಿನಾ?"

"ಸೆಕೆ ಜೋರಾದಾಗ ಖರ್ಚು ಜಾಸ್ತಿ, ಹುಟ್ಟುವಳಿ ಸಾಲಲ್ಲ. ನೀರಲ್ಲಿ ಸಿ ಕೊಡಿ, ಮೇವಲ್ಲಿ ವಿಟಮಿನ್ ಇ. ಆದ್ರೆ ಒಂದು ಮಾತು ಅಮ್ಮ. ಇದು ಮಂತ್ರ ಅಲ್ಲ. ಬಿದ್ದ ಕೋಳೀನ ಎಬ್ಬಿಸಲ್ಲ. ಬೀಳೋದಕ್ಕೆ ಮುಂಚೆ ಕೊಟ್ರೆ ಊರುಗೋಲು, ಅಷ್ಟೆ. ಬಿಸಿಲು ಬರೋಕೆ ಮುಂಚೆ ಒಳಗೆ ಹೋಗಿರ್ಬೇಕು."

ಅತ್ತೆ ಪುಡಿಯನ್ನು ಬೆರಳ ತುದಿಗೆ ತಗೊಂಡು ನೆಕ್ಕಿ ಮುಖ ಕಿವುಚಿದಳು. "ಹುಳಿ!" ಅಂದಳು. ಅವಳಿಗೆ ಅಷ್ಟು ಸಾಕಾಯಿತು. ಮರುದಿನದಿಂದ ಪೈಪಿನ ಕೊನೆಯ ನಿಪ್ಪಲ್ಲಿಗೆ ನಾಲಿಗೆ ಒಡ್ಡುವುದು ಶುರುವಾಯಿತು. ಕೊನೆಯವಳ ಬಾಯಿಗೆ ಹುಳಿ ಮುಟ್ಟಿದರೆ ಎಲ್ಲರಿಗೂ ಮುಟ್ಟಿದ ಹಾಗೆ.

*

ಟ್ಯಾಂಕಿನ ತೂಬು ಬಿಚ್ಚಿದ ಮೇಲೆ ನೀರು ಅಂಗಳಕ್ಕೆ ನುಗ್ಗಿತು. ಅಲ್ಲಿ ಬಂದವರು ಬಿಟ್ಟ ಚಪ್ಪಲಿಗಳಿದ್ದವು. ಅವು ಒಂದೊಂದಾಗಿ ಎದ್ದು, ಜೋಡಿ ತಪ್ಪಿ, ಗೇಟಿನ ಕಡೆ ಹೊರಟವು.

"ಅಯ್ಯೋ, ಹೆಣಕ್ಕಿಂತ ಮುಂಚೆ ನನ್ನ ಚಪ್ಪಲಿ ಹೊರಡ್ತಲ್ರೀ!" ಎಂದು ಎದುರುಮನೆಯಾಕೆ ಸೀರೆ ಎತ್ತಿಕೊಂಡು ಓಡಿದಳು. ನಗಬಾರದ ಹೊತ್ತು, ಇಬ್ಬರು ಮೂವರು ಕೆಮ್ಮಿದರು.

"ಟ್ಯಾಂಕ್ ಖಾಲಿ ಆದ್ರೆ ಸಾಲದು," ಅಂದ ನಲ್ಲಿ ಮಾವ. ಅವನು ಪಂಚೆ ಎತ್ತಿಕಟ್ಟಿದ್ದ. "ಪೈಪಿನ ಹೊಟ್ಟೇಲಿ ಇರೋದೂ ಹೋಗ್ಬೇಕು. ಕೊನೇ ಮುಚ್ಚಳ ಬಿಚ್ಚು ಮಗಳೇ. ನಾನು ಮೋಟರು ಹಾಕ್ತೀನಿ."

"ನೀವು ಹೋಗಿ ಮಾವ. ಈಗ ಗಾಡಿ ಬರತ್ತೆ. ಅಕ್ಕನ ಜತೆ ಹೋಗ್ಬೇಡ್ವಾ?"

ಮಾವ ಪಂಚೆಯ ಗಂಟು ಬಿಗಿದುಕೊಂಡ. ಏಣಿ ಹತ್ತಿದ.

ನಾದಿನಿ ಬಂದದ್ದು ಆಗ. ದೂರದ ಪಟ್ಟಣದಲ್ಲಿ ಆಸ್ಪತ್ರೆಯ ನರ್ಸು ಅವಳು. ದಿನಾ ಸಾವು ನೋಡುವವಳು, ತನ್ನ ಮನೆಯ ಸಾವನ್ನು ನೋಡಲಾರದೆ ಬಾಗಿಲಲ್ಲೇ ಕುಸಿದಳು. ಅತ್ತಳು. ತಲೆ ಎತ್ತಿದಾಗ ಅತ್ತಿಗೆ ಕಾಣಲಿಲ್ಲ. ಕಣ್ಣೊರೆಸಿಕೊಂಡು ನೆಟ್ಟಗೆ ಶೆಡ್ಡಿಗೆ ಬಂದಳು.

"ಅತ್ತಿಗೆ, ಏನಿದು? ನಮ್ಮಮ್ಮನ ಹೆಣಕ್ಕಿಂತ ಕೋಳಿ ಹೆಚ್ಚಾಯ್ತಾ ನಿಂಗೆ?"

ಸೊಸೆ ಪೈಪಿನ ತುದಿಯಿಂದ ಏಳಲಿಲ್ಲ. ಮುಚ್ಚಳ ಜಾಮಾಗಿತ್ತು, ಸೆರಗು ಸುತ್ತಿ ತಿರುಗಿಸುತ್ತಿದ್ದಳು.

"ಪುಟ್ಟೀ, ನಿಮ್ಮಮ್ಮನ್ನ ಹೊರೋಕೆ ಜನ ಸಾಲುಗಟ್ಟಿ ನಿಂತಿದಾರೆ. ಇವರನ್ನ ಹೊರೋಕೆ ಯಾರಿದಾರೆ ಹೇಳು?"

"ಜನ ಏನಂತಾರೆ?"

"ಅಂದಾಯ್ತು ಆಗಲೇ. ನೀನು ಬಂದಿದ್ದು ತಡ."

"ಗಾಡಿ ಬಂದಾಗಲಾದ್ರೂ ಬರ್ತೀಯಾ ಇಲ್ವಾ?"

ಮುಚ್ಚಳ ತಟ್ಟನೆ ಬಿಚ್ಚಿಕೊಂಡು ನೀರು ಇಬ್ಬರ ಮೇಲೂ ಹಾರಿತು. ನಾದಿನಿಯ ಮುಖ, ಅತ್ತು ಊದಿದ ಕಣ್ಣು, ಎಲ್ಲ ಒದ್ದೆಯಾಯಿತು. ಅವಳು ಒಂದು ಗಳಿಗೆ ಹಾಗೇ ನಿಂತಳು, ಆ ತಂಪಿಗೆ ಕಣ್ಣು ಮುಚ್ಚಿ. ಆಮೇಲೆ ಮನೆಯೊಳಗೆ ಹೋದಳು.

ಗಾಡಿ ಬಂದಾಗ ಸೊಸೆ ಹೋದಳು. ಕಾಲಿಗೆ ಹೊಟ್ಟು ಮೆತ್ತಿತ್ತು, ಮೈಯೆಲ್ಲ ಕೋಳಿಯ ವಾಸನೆ. ನಡುಮನೆಯ ಜನ ಜಾಗ ಬಿಟ್ಟರು, ಗೌರವಕ್ಕೋ ವಾಸನೆಗೋ. ಅತ್ತೆಗೆ ಯಾರೋ ಒಳ್ಳೆಯ ಸೀರೆ ಉಡಿಸಿದ್ದರು. ಇಷ್ಟು ವರ್ಷ ಗಂಡನ ಹಳೆಯ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ತಿರುಗಿದವಳು ಈಗ ಯಾರದೋ ಮದುವೆಗೆ ಹೊರಟಂತಿದ್ದಳು. ಸೊಸೆ ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದಳು. ಪಕ್ಕದಲ್ಲಿದ್ದ ನಾದಿನಿಗೆ ಮಾತ್ರ ಕೇಳಿಸಿತು. "ಈಗ ತುಂಬ್ತಿದೆ ಅತ್ತೆ. ಇನ್ನೇನು ಕಲಸ್ತೀನಿ."

ಗಾಡಿ ಗೇಟು ದಾಟಿತು. ಜನ ಅದರ ಹಿಂದೆ ಹೋದರು. ಸೊಸೆ ಶೆಡ್ಡಿನ ಕಡೆ ತಿರುಗಿದಳು. ಅಲ್ಲಿ, ಏಣಿಯ ಮೇಲೆ, ಗಾಡಿ ಹೋದ ದಿಕ್ಕಿಗೆ ಮುಖ ಮಾಡಿ ನಲ್ಲಿ ಮಾವ ನಿಂತಿದ್ದ. ಒಂದು ಕೈ ಟ್ಯಾಂಕಿನ ಮೇಲಿತ್ತು. ಇನ್ನೊಂದು ಕೈಯನ್ನು ಎತ್ತಿದ, ಬಸ್ಸು ಹತ್ತಿಸಿದವರಿಗೆ ಎತ್ತುವ ಹಾಗೆ.

*

ಹೋದ ವರ್ಷ ಅತ್ತೆಗೆ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಅತ್ತೆ ಯಾರಿಗೂ ಹೇಳಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೂ ಚೆನ್ನಾಗಿದೆ, ಇಲ್ಲದಿದ್ದರೂ ಚೆನ್ನಾಗಿದೆ. ಮೊದಮೊದಲು ಸೊಸೆ, ಮುದುಕಿ ಮೆತ್ತಗಾದಳು ಅಂದುಕೊಂಡಳು.

ಒಂದು ಬೆಳಿಗ್ಗೆ ಸೊಸೆ ಇನ್ನೂ ಪುಡಿ ಕಲಸಿರಲಿಲ್ಲ; ಡಬ್ಬಿಯ ಮುಚ್ಚಳ ಕೂಡ ತೆಗೆದಿರಲಿಲ್ಲ. ಅತ್ತೆ ಆ ಕಡೆಯಿಂದ ಬಂದು, ಕೊನೆಯ ನಿಪ್ಪಲ್ಲಿನ ಕೆಳಗೆ ಮೊಣಕಾಲೂರಿ, ನಾಲಿಗೆ ಒಡ್ಡಿ, ಚಪ್ಪರಿಸಿ ಹೇಳಿದಳು: "ಹ್ಞಾಂ. ಹುಳಿ ಸರಿಯಾಗಿದೆ."

ಸೊಸೆ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿದಳು. ಅತ್ತೆ ಅತ್ತ ಹೋದ ಮೇಲೆ ಕಲಸಿದಳು. ಮರುದಿನ ಅತ್ತೆ ಏಳುವ ಮೊದಲೇ ತಾನೇ ರುಚಿ ನೋಡಿದಳು. ಅದರ ಮರುದಿನವೂ. ಹೀಗೆ ಅತ್ತೆ ಸೊಸೆ ಇಬ್ಬರೂ ಒಬ್ಬರಿಗೆ ಗೊತ್ತಾಗದಂತೆ ಒಬ್ಬರು ಒಂದೇ ನಿಪ್ಪಲ್ಲಿಗೆ ನಾಲಿಗೆ ಒಡ್ಡುತ್ತ ಕೆಲವು ವಾರ ಕಳೆದರು. ಕೊನೆಗೆ ಅತ್ತೆಗೇ ನಗು ತಡೆಯಲಾಗಲಿಲ್ಲ.

"ಏನೇ, ಕಳ್ಳೀ. ನನ್ನ ನಾಲಿಗೆ ಸತ್ತಿದ್ದು ನಿಂಗೆ ಯಾವಾಗ ಗೊತ್ತಾಯ್ತು?"

"ನಿಮ್ಮ ನಾಲಿಗೆ ಸಾಯೋದಾ? ಬೈಯೋಕೆ ಮಾತ್ರ ಗಟ್ಟಿಮುಟ್ಟಾಗಿದೆಯಲ್ಲ."

"ಅದು ಬೇರೆ ಇಲಾಖೆ," ಅಂದಳು ಅತ್ತೆ.

ಅಂದಿನಿಂದ ಅತ್ತೆ ಮೊಣಕಾಲೂರುವುದು ಬಿಟ್ಟಳು. ಜಾಲರಿಯ ಹೊರಗೆ ನಿಂತು ಕೇಳುವಳು, "ಏನಂತೆ?" ಒಳಗಿನಿಂದ ಸೊಸೆ, "ಹುಳಿ." ಅತ್ತೆ ತಲೆಯಾಡಿಸಿ, ತಾನೇ ಚಪ್ಪರಿಸಿದಂತೆ ಬಾಯಾಡಿಸಿ, ಮೊಟ್ಟೆ ಎತ್ತಲು ಹೋಗುವಳು.

ನಿನ್ನೆ ಸಂಜೆ ಹೇಳಿದ್ದು ಇಷ್ಟೆ: "ನಾಳೆ ಸುಡತ್ತೆ ಕಣೇ, ಗಾಳಿ ನಿಂತಿದೆ ನೋಡು. ಹೆಂಗಸರಿಗೆ ಬೇಗ ಹಾಕು." ಬದುಕಿನ ಕೊನೆಯ ಮಾತು ಎಂದು ಯಾರೂ ಅದನ್ನು ಎತ್ತಿಟ್ಟುಕೊಳ್ಳುವಂತಿರಲಿಲ್ಲ.

*

ಮಟಮಟ ಮಧ್ಯಾಹ್ನ. ಮನೆಯಲ್ಲಿ ಬಾಗಿಲು ಕಾಯಲು ಕೂತ ಎದುರುಮನೆಯಾಕೆ, ಶೆಡ್ಡಿನಲ್ಲಿ ಸೊಸೆ, ನಲ್ಲಿ ಮಾವ. ಹೊಸ ನೀರು ತುಂಬಿತ್ತು, ಡಬ್ಬಿಯ ತಳ ಕೆರೆದು ಪುಡಿ ಕಲಸಿಯಾಗಿತ್ತು. ಇಷ್ಟು ಹೊತ್ತು ನೀರಿಲ್ಲದೆ ಕಾದ ಕೋಳಿಗಳು ನಿಪ್ಪಲ್ಲಿಗೆ ಮುಗಿಬಿದ್ದು ಕುಡಿದವು. ಆದರೆ ಬಿಸಿಲಿಗೆ ಮುಂಚೆ ಒಳಗೆ ಹೋಗಬೇಕಾದದ್ದು ಬಿಸಿಲಿನ ಜತೆಗೇ ಹೋಗುತ್ತಿತ್ತು. ಮೊದಲ ಕೋಳಿ ಆಗಲೇ ಬುಟ್ಟಿ ಸೇರಿತ್ತು. ಎರಡನೆಯದು, ಮೂರನೆಯದು. ಮಾಡಿಗೆ ಹೊಡೆದ ನೀರು ಕೆಳಗೆ ಸುರಿಯುವ ಮೊದಲೇ ಹಬೆಯಾಗುತ್ತಿತ್ತು.

"ಟ್ಯಾಂಕ್ ಮುಟ್ಟಿ ನೋಡಿ ಮಾವ."

ಮಾವ ಮುಟ್ಟಿ ಕೈ ಹಿಂದೆಳೆದ. "ಸ್ನಾನ ಮಾಡ್ಬೋದು."

ಕೋಳಿಗಳು ಕೊಕ್ಕು ಹಾಕಿ, ತಲೆ ಕೊಡವಿ, ಹಿಂದೆ ಸರಿಯುತ್ತಿದ್ದವು. ಬಿಸಿ ನೀರನ್ನು ಕೋಳಿ ಕುಡಿಯುವುದಿಲ್ಲ. ಕುಡಿಯದಿದ್ದರೆ ಅದರಲ್ಲಿ ಅಮೃತವೇ ಇದ್ದರೂ ಅಷ್ಟೆ. ಸೊಸೆ ಸುತ್ತ ನೋಡಿದಳು. ಹಿತ್ತಲ ನೆರಳಲ್ಲಿ, ಹೊಟ್ಟು ತುಂಬಿದ ಚೀಲದೊಳಗೆ, ಬಿಚ್ಚದ ಐಸಿನ ಗಡ್ಡೆಯೊಂದಿತ್ತು. ಮಗಳು ಬರುವುದು ತಡವಾದರೆ ಇರಲಿ ಎಂದು ಗಂಡ ತರಿಸಿದ್ದು. ಅವಳು ಚೀಲವನ್ನು ದರದರ ಎಳೆದಳು.

ಎದುರುಮನೆಯಾಕೆ ಎದ್ದು ನಿಂತಳು. "ಏನೇ ಅದು? ಹೆಣಕ್ಕೆ ತಂದ ಐಸಲ್ವೇನೇ!"

"ಹೆಣ ಹೋಯ್ತಲ್ಲ ಅಕ್ಕಾ."

"ಅಂದ್ರೆ? ಸತ್ತವಳದ್ದನ್ನ ಕೋಳಿಗೆ ಕುಡಿಸ್ತೀಯಾ?"

"ಅವರ ಕೋಳೀನೇ."

ಎದುರುಮನೆಯಾಕೆಯ ಬಾಯಿ ತೆರೆದೇ ಇತ್ತು. ಗಡ್ಡೆ ಭಾರವಾಗಿತ್ತು, ಸೊಸೆಯ ಕೈ ಜಾರಿ ಒಂದು ಮೂಲೆ ಒಡೆಯಿತು. ಇನ್ನೊಮ್ಮೆ ಎತ್ತಿದಳು, ಇನ್ನೊಮ್ಮೆ ಜಾರಿತು. ಮೂರನೆಯ ಸಲಕ್ಕೆ ಎದುರುಮನೆಯಾಕೆಯೇ ಬಂದು ಆ ಕಡೆ ಹಿಡಿದಳು. "ನಾನು ಹಿಡಿದೆ ಅಂತ ಯಾರಿಗೂ ಹೇಳ್ಬೇಡ," ಅಂದಳು. ನಾಳೆ ಊರಿ‌ಗೆಲ್ಲ ಅವಳೇ ಹೇಳುತ್ತಾಳೆಂದು ಇಬ್ಬರಿಗೂ ಗೊತ್ತಿತ್ತು. ಮಾವ ಮೇಲಿನಿಂದ ಹಗ್ಗ ಬಿಟ್ಟ. ಐಸು ಟ್ಯಾಂಕಿಗೆ ಬಿದ್ದ ಸದ್ದಿಗೆ ಶೆಡ್ಡಿನ ಕೋಳಿಗಳೆಲ್ಲ ಒಟ್ಟಿಗೆ ಕತ್ತೆತ್ತಿದವು.

ಆಮೇಲೆ ಮಾಡಬೇಕಾದದ್ದು ನಡೆಯುವುದು. ಒಳಗೆ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ.

"ನಿಧಾನ ಮಾವ. ಓಡಿಸಬೇಡಿ. ಕೂತವರು ಎದ್ದು ನಿಂತ್ರೆ ಸಾಕು, ಹೊಟ್ಟೆ ಕೆಳಗಿನ ಬಿಸಿ ಹೊರಗೆ ಹೋಗತ್ತೆ."

"ಮಕ್ಕಳನ್ನ ಮಲಗಿಸೋಕೆ ನಡೀತಾರೆ. ನಾವು ಎಬ್ಬಿಸೋಕೆ ನಡೀತಿದೀವಿ," ಅಂದ ಮಾವ. ಸ್ವಲ್ಪ ದೂರ ಹೋಗಿ, "ಈಗ ಇಳಿಸಿರ್ತಾರೆ," ಅಂದ.

"ಹ್ಞೂಂ."

"ಒಂದು ಹಿಡಿ ಮಣ್ಣು ಹಾಕ್ಬೇಕಿತ್ತು ನಾನು."

ಸೊಸೆ ಬಗ್ಗಿ ಒಂದು ಕೋಳಿಯನ್ನು ಎತ್ತಿದಳು. ಕತ್ತು ಜೋತಿತ್ತು. ಬುಟ್ಟಿಯತ್ತ ನಡೆದವಳು ನಡುವೆ ನಿಂತಳು.

"ಮಾವ, ಬೆಳಿಗ್ಗೆ ಅತ್ತೇನ ಮೊದಲು ನೋಡಿದ್ದು ನಾನು. ಪುಡಿ ಡಬ್ಬಿ ಅವರ ಮಂಚದ ಕೆಳಗಿರತ್ತೆ, ತಗೊಳ್ಳೋಕೆ ಹೋದೆ. ಕೈ ಮುಟ್ಟಿದ್ರೆ ತಣ್ಣಗಿತ್ತು." ಅವಳು ಕೋಳಿಯ ರೆಕ್ಕೆಯನ್ನು ಮಡಚಿದಳು. "ನಾನು ಯಾರನ್ನೂ ಎಬ್ಬಿಸ್ಲಿಲ್ಲ. ಮೊದಲು ಬಂದು ನೀರಿಗೆ ಕಲಸಿದೆ. ಕೊನೇವರೆಗೂ ಹೋಯ್ತಾ ನೋಡಿದೆ. ಆಮೇಲೆ ಹೋಗಿ ಕಿರುಚಿದೆ."

ಮಾವ ನಡೆಯುತ್ತಲೇ ಇದ್ದ. ಕೋಳಿಗಳು ಅವನ ಕಾಲಿಗೆ ದಾರಿ ಬಿಟ್ಟು ಎದ್ದು ನಿಲ್ಲುತ್ತಿದ್ದವು.

"ಎಬ್ಬಿಸಿದ್ರೆ ನಮ್ಮಕ್ಕ ಎದ್ದು ಬೈತಿದ್ಲು," ಅಂದ. "'ನಾನೇನು ಓಡಿ ಹೋಗ್ತೀನಾ, ಮೊದಲು ನೀರು ಹಾಕ್ಬಾರೇ' ಅಂತ." ಗೋಡೆ ಮುಟ್ಟಿ ತಿರುಗಿದ. ಮುಖವನ್ನು ತೋಳಿಗೆ ಉಜ್ಜಿಕೊಂಡ. "ಸೆಕೆ," ಅಂದ.

ಅವರು ನಡೆದರು. ಬುಟ್ಟಿಗೆ ಮತ್ತೆ ಬಿತ್ತು, ಮತ್ತೆ ಬಿತ್ತು. ಬರುಬರುತ್ತ ಬೀಳುವ ನಡುವಿನ ಹೊತ್ತು ಉದ್ದವಾಯಿತು. ಕೋಳಿಗಳು ನಿಪ್ಪಲ್ಲಿನ ಹತ್ತಿರ ಸಾಲುಗಟ್ಟಿ ಕುಡಿಯುತ್ತಿದ್ದವು. ಎಲ್ಲೋ ಒಂದು ಕಡೆಯಿಂದ, ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣಗೆ, ಗಾಳಿ ಜಾಲರಿ ದಾಟಿ ಬಂತು.

*

ಮಣ್ಣು ಮುಗಿಸಿ ಬಂದವರ ಹಿಂದೆಯೇ ತಕ್ಕಡಿಯ ಲಾರಿ ಬಂತು. ತಕ್ಕಡಿ ಕೆಳಗಿಳಿದು, ತಲೆಯ ಟೋಪಿ ತೆಗೆದು, ಟೈಲರನ ಕೈ ಹಿಡಿದುಕೊಂಡ. ವ್ಯಾಪಾರಿಯಾದರೂ ರೀತಿ ಗೊತ್ತಿದ್ದವನು.

"ನಿಮ್ಮ ತಾಯಿ ಇದ್ದಷ್ಟು ದಿನ ನನ್ನ ತಕ್ಕಡಿ ನೆಟ್ಟಗಿತ್ತು ಟೈಲರೇ," ಅಂದ. "ಅವರ ಕಣ್ಣಿಗೆ ಹೆದರಿ."

ಗಂಡ ಬುಟ್ಟಿಯ ಹತ್ತಿರ ಹೋದ. ಕೊರಳಲ್ಲಿ ಅಳತೆಪಟ್ಟಿ ಇರಲಿಲ್ಲ. ಮಣ್ಣು ಮಾಡುವಲ್ಲಿ ಯಾರೋ ತೆಗೆದಿರಬೇಕು. ಬಗ್ಗಿ ನೋಡಿದ. ನೋಡುತ್ತಲೇ ಇದ್ದ. ಸತ್ತ ಕೋಳಿಗಳಿದ್ದವು, ಸುಳ್ಳಲ್ಲ. ಆದರೆ ಬುಟ್ಟಿಯ ಅಂಚು ಅವುಗಳಿಗಿಂತ ಎಷ್ಟೋ ಮೇಲಿತ್ತು.

"ತುಂಬಿಲ್ಲ," ಅಂದ. ಅವನಾಗಿಯೇ ಅಂದ, ಎಲ್ಲರಿಗೂ ಕೇಳುವಂತೆ.

ನಾದಿನಿ ಜಾಲರಿಗೆ ಹಣೆಯೊತ್ತಿ ಒಳಗೆ ನೋಡುತ್ತಿದ್ದಳು. "ಮಿಕ್ಕವರೆಲ್ಲ ಚೆನ್ನಾಗಿದಾರಾ ಅತ್ತಿಗೆ?" ಅಂದಳು. ಮಿಕ್ಕವು ಅನ್ನಲಿಲ್ಲ.

"ಕುಡೀತಿದಾರೆ."

ತಕ್ಕಡಿ ಶೆಡ್ಡಿನೊಳಗೆ ಬಂದ. ಒಂದು ಕೋಳಿಯನ್ನು ಹಿಡಿದು ಎದೆ ಮುಟ್ಟಿದ, ಜುಟ್ಟು ನೋಡಿದ, ಕೆಳಗೆ ಬಿಟ್ಟ. ಇನ್ನೊಂದನ್ನು ಹಿಡಿದ. ಅವನ ಮುಖದಲ್ಲಿ ವ್ಯಾಪಾರದ ಕಳೆ ಹೋಗಿ ಬೇರೇನೋ ಬಂತು.

"ಕೋಳಿ ಕೊಡಲ್ಲ ಅಂತ ಆಯ್ತಲ್ಲ. ಬಿಡಿ, ಲಾರಿ ಖಾಲಿ ಹೋಗಲಿ," ಅಂದ. "ಇವತ್ತು ನನ್ನ ಶೆಡ್ಡುಗಳಲ್ಲಿ ಫ್ಯಾನು, ಕೂಲರು ಎಲ್ಲ ತಿರುಗ್ತಾನೇ ಇತ್ತು. ಆದ್ರೂ ಬುಟ್ಟಿಗಟ್ಟಲೆ ಎತ್ತಿದೀವಿ. ಅಲ್ಲಿರೋರಿಗೆ ಕೋಳಿ ಅಂದ್ರೆ ಕೂಲಿ. ನೋಡು ತಂಗಿ, ನೀನು ಬಾ. ನನ್ನ ಶೆಡ್ಡುಗಳನ್ನೆಲ್ಲ ನೀನೇ ನೋಡ್ಕೋ. ಕೂಲರಿರೋ ಆಫೀಸು, ಕುರ್ಚಿ, ಮನೇವರೆಗೆ ಗಾಡಿ. ನಿನ್ನ ಕೆಳಗೆ ಹತ್ತು ಜನ. ಇವನ್ನೂ ಅಲ್ಲಿಗೇ ತಂದಿಡು. ಒಂದಕ್ಕೂ ಚಾಕು ತಾಗಿಸಲ್ಲ, ನಿಮ್ಮತ್ತೆ ಹೆಸರಲ್ಲಿ ಮಾತು ಕೊಡ್ತೀನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಎಲ್ಲರಿಗೂ ಕಂಡಿತು.

ಗಂಡನ ಮುಖ ಬೆಳಿಗ್ಗೆಯಿಂದ ಮೊದಲ ಸಲ ಸ್ವಲ್ಪ ಅರಳಿತು. "ಕೇಳಿದ್ಯೇನೇ? ಗುಂಡಿ ಗಿಂಡಿ ಏನೂ ಬೇಡ. ಕೋಳೀನೂ ಉಳಿಯತ್ತೆ, ನೀನೂ..."

"ಒಳ್ಳೇ ಮಾತೇ ಅತ್ತಿಗೆ," ಅಂದಳು ನಾದಿನಿ. "ಒಬ್ಬಳೇ ಎಷ್ಟು ಅಂತ ಎಳೀತೀಯ?"

ನಲ್ಲಿ ಮಾವ ಸೊಸೆಯ ಮುಖ ನೋಡುತ್ತಿದ್ದ.

ಸೊಸೆ ಮಧ್ಯಾಹ್ನ ಎತ್ತಿ ಕಟ್ಟಿದ್ದ ಮೇವಿನ ತಟ್ಟೆಗಳ ಹಗ್ಗ ಬಿಚ್ಚುತ್ತಿದ್ದಳು. ಒಂದೊಂದೇ ತಟ್ಟೆ ಕೆಳಗಿಳಿಯಿತು. ಇಡೀ ಶೆಡ್ಡಿನ ಕೋಳಿಗಳು ಎದ್ದು ಬಂದು ಅವಳನ್ನು ಮುತ್ತಿಕೊಂಡವು. ಮೊಣಕಾಲಿನವರೆಗೆ ಬರೀ ರೆಕ್ಕೆ, ಕೊಕ್ಕು, ಜುಟ್ಟು. ಕಾಲು ಕೀಳಲು ಜಾಗವಿಲ್ಲದೆ ಅವಳು ಅವುಗಳ ನಡುವೆ ನಿಂತಳು, ಕೈಯಲ್ಲಿ ಹಗ್ಗ ಹಿಡಿದು.

"ಈಗಲೇ ಹೇಳ್ಬೇಕು ಅಂತಿಲ್ಲ," ಅಂದ ತಕ್ಕಡಿ. "ಸಾವಿನ ಮನೆ. ಯೋಚನೆ ಮಾಡಿ ನಾಳೆ ಹೇಳು."

"ನಾಳೆ ಕೆಲಸ ಇದೆ. ಕುರ್ಚೀಲಿ ಕೂತ್ರೆ ಕೊನೇ ನಿಪ್ಪಲ್ಲಿಗೆ ನಾಲಿಗೆ ಎಟಕಲ್ಲ."

"ಹಾಗಾದ್ರೆ ಇವತ್ತೇ ಹೇಳು. ಸಂಬಳ ಎಷ್ಟು ಅಂತಾದ್ರೂ ಕೇಳ್ಬಾರ್ದಾ?"

"ಬೇಡ."

"ಯಾಕೆ ತಂಗಿ?"

"ಬರಲ್ಲ," ಅಂದಳು ಸೊಸೆ.